ಎಲ್ಲರೂ ಹಾಡುವ ಮೊದಲ ಪೀರಿಯಡ್

ಹೊತ್ತು ಮೂಡುವ ಮೊದಲೇ ನಂದಿನಿ ಟೀಚರ್ ಹತ್ತರಗಿಯಿಂದ ಹೊರಟಿದ್ದಾರೆ. ಗೋಕಾಕದಲ್ಲಿ ಬಸ್ಸು ಬದಲಿಸಿ, ಕಲ್ಲೋಳಿ ದಾಟಿ, ಮಸಗುಪ್ಪಿಯ ರಸ್ತೆಯಲ್ಲಿ ಇಳಿದು ಶಾಲೆಯ ಗೇಟು ತೆಗೆಯುವಾಗ ಅಂಗಳಕ್ಕೆ ಇನ್ನೂ ಬಿಸಿಲು ಬಿದ್ದಿಲ್ಲ. ಹಾರ್ಮೋನಿಯಂ ಪೆಟ್ಟಿಗೆಯನ್ನು ಹೊರಗೆ ತಂದು ಬೆಂಚಿನ ಮೇಲೆ ಇಡುತ್ತಾರೆ. ಸೆರಗಿನಿಂದ ಧೂಳು ಒರೆಸುತ್ತಾರೆ. ಈ ಶಾಲೆಯನ್ನು ಬಹುಕಾಲ ನಡೆಸಿದ ಸಿಸ್ಟರ್ ಸೆವೆರಿನಾ ಅವರನ್ನು ಮಣ್ಣು ಮಾಡಿದ್ದು ಸೋಮವಾರ. ಮಂಗಳವಾರ ರಜೆ ಇತ್ತು. ಇವತ್ತು ಬುಧವಾರ, ಎಲ್ಲವೂ ಎಂದಿನಂತೆ ನಡೆಯಬೇಕಾದ ಮೊದಲ ದಿನ. ಅಡುಗೆಯವರು ಬಿಸಿಯೂಟದ ಅಕ್ಕಿ ಆರಿಸುತ್ತಿದ್ದಾರೆ.

ಗಂಟೆ ಹೊಡೆದಾಗ ಒಂದರಿಂದ ಏಳನೆಯ ತರಗತಿಯವರೆಗಿನ ಇನ್ನೂರರಷ್ಟು ಮಕ್ಕಳು ಅಂಗಳಕ್ಕೆ ಬಂದು ನಿಲ್ಲುತ್ತಾರೆ. ಮೊದಲ ಪೀರಿಯಡ್ ಸಂಗೀತ. ದಿನವೂ, ಎಲ್ಲರಿಗೂ. ನಂದಿನಿ ನಾಲ್ಕನೆಯ ತರಗತಿಯ ಸುಮನಳ ಕಡೆ ನೋಡುತ್ತಾರೆ. ಸುಮನ ‘ಆ’ ಎಂದರೆ ಪೀರಿಯಡ್ ಶುರುವಾದಂತೆ.

ಸುಮನ ಬಾಯಿ ತೆರೆಯುವುದಿಲ್ಲ. ನೆಲ ನೋಡುತ್ತಾಳೆ. ನಂದಿನಿ ಸ್ವಲ್ಪ ಹೊತ್ತು ಕಾದು ತಾವೇ ಒಂದು ಸಾಲು ಹಾಡುತ್ತಾರೆ. ಅದರ ತುದಿಯನ್ನು ಎತ್ತಿಕೊಳ್ಳಬೇಕಾದ ಮಕ್ಕಳು ತುಟಿ ಕೂಡಿಸಿಕೊಂಡು ನಿಂತಿದ್ದಾರೆ. ಹಾರ್ಮೋನಿಯಂ ಒಂದೇ ಕೇಳುತ್ತದೆ. ಆಮೇಲೆ ಅದೂ ನಿಲ್ಲುತ್ತದೆ. ಪೀರಿಯಡ್ ಮುಗಿಯುವವರೆಗೆ ಹೀಗೆಯೇ ನಿಂತ ಶಾಲೆ, ಗಂಟೆಯಾದ ಕೂಡಲೇ ಒಬ್ಬರನ್ನೊಬ್ಬರು ತಳ್ಳುತ್ತ, ಕೂಗುತ್ತ ತರಗತಿಗಳಿಗೆ ಓಡುತ್ತದೆ.

ದುಃಖ ಹೀಗಿರುವುದಿಲ್ಲ ಎಂದು ನನಗನ್ನಿಸುತ್ತದೆ. ಇದು ಬೇರೆ ಏನೋ.

ನಾನು ಪತ್ರಿಕೆಗೆ ಸಿಸ್ಟರ್ ಮತ್ತು ನಂದಿನಿ ಇಬ್ಬರ ಬಗ್ಗೆಯೂ ಬರೆಯಬೇಕಿತ್ತು. ಸಿಸ್ಟರ್ ತೀರಿಕೊಂಡ ಸುದ್ದಿ ತಿಳಿದು, ಬೇರೆ ವಾರ ಬರಲೇ ಎಂದು ಫೋನಿನಲ್ಲಿ ಕೇಳಿದ್ದೆ. “ಬರ್ರಿ, ಸಾಲಿ ನಡದ ಐತಿ” ಎಂದಿದ್ದರು ನಂದಿನಿ.

ಸುತ್ತಲಿನ ಹಳ್ಳಿಗಳಲ್ಲಿ ಇದಕ್ಕೆ ‘ಸಿಸ್ಟರ್ ಸಾಲಿ’ ಎಂದೇ ಹೆಸರು. ಸನ್ಯಾಸಿನಿಯರು ನಡೆಸುವ ಕನ್ನಡ ಮಾಧ್ಯಮದ ಶಾಲೆ. ಓದುವವರು ಹೆಚ್ಚಾಗಿ ಕುರುಬರ, ರೈತರ, ಹೊಲದ ಕೂಲಿಯವರ ಮಕ್ಕಳು. ಕ್ರೈಸ್ತ ಮಕ್ಕಳು ಬೆರಳೆಣಿಕೆಯಷ್ಟು. ಬೇರೆ ಶಾಲೆಗಳಲ್ಲಿ ಸಂಗೀತವೆಂದರೆ ಒಳ್ಳೆಯ ಕಂಠದ ಹತ್ತು ಹುಡುಗಿಯರನ್ನು ಆರಿಸಿ ಪ್ರಾರ್ಥನೆ ಹೇಳಿಸುವುದು. ಇಲ್ಲಿ ಆರಿಸುವುದಿಲ್ಲ. ಸಿಸ್ಟರ್ ಸೆವೆರಿನಾ ಖಾನಾಪುರದ ಕಡೆಯವರು. ಚಿಕ್ಕಂದಿನಲ್ಲಿ ಅವರನ್ನು ಚರ್ಚಿನ ಹಾಡಿನ ಗುಂಪಿಗೆ ಸೇರಿಸಿಕೊಂಡು, ನೀನು ಬರೀ ತುಟಿ ಅಲ್ಲಾಡಿಸು ಎಂದಿದ್ದರಂತೆ. ಈ ಶಾಲೆಯಲ್ಲಿ ಯಾರೂ ಬರೀ ತುಟಿ ಅಲ್ಲಾಡಿಸಬಾರದು ಎನ್ನುವುದು ಅವರು ಹಾಕಿದ ಒಂದೇ ನಿಯಮ. ಅದನ್ನು ನಡೆಸಿಕೊಡುವ ದಾರಿ ಕಂಡುಕೊಂಡವರು ನಂದಿನಿ.

ಆ ದಾರಿ ಹೀಗಿದೆ. ಮಕ್ಕಳಲ್ಲಿ ಮೂರು ಗುಂಪು. ತರಗತಿಯ ಲೆಕ್ಕದಲ್ಲಲ್ಲ, ದನಿಯ ಲೆಕ್ಕದಲ್ಲಿ. ಹಾಡು ಎತ್ತುವವರು ‘ಮುಂದ’. ಸಾಲಿನ ತುದಿಯನ್ನು ಹಿಡಿದು ಮತ್ತೆ ಹೇಳುವವರು ‘ಬಾಲ’. ರಾಗ ಹಿಡಿಯಲು ಬಾರದವರು ‘ಬುಡ’. ಬುಡದವರು ಹಾಡು ಮುಗಿಯುವವರೆಗೆ ಒಂದೇ ಸ್ವರವನ್ನು ತಂಬೂರಿಯಂತೆ ಎಳೆಯುತ್ತ ನಿಲ್ಲಬೇಕು. ಅವರ ಜಾಗ ಹುಣಸೆ ಮರದ ನೆರಳಿನಲ್ಲಿ. ಬೇಸಿಗೆ ಬಂತೆಂದರೆ ಒಳ್ಳೆಯ ಕಂಠದ ಮಕ್ಕಳೂ ಬೇಕೆಂದೇ ಅಪಸ್ವರ ತೆಗೆದು ತಮ್ಮನ್ನು ಬುಡಕ್ಕೆ ಹಾಕಿ ಎಂದು ಕೇಳುತ್ತಾರಂತೆ.

ಸುಮನ ಬುಡದವಳು. ಅವಳ ದನಿ ಒಂದೇ ಕಡೆ ನಿಲ್ಲುತ್ತದೆ, ಮೇಲೆ ಹೋಗುವುದಿಲ್ಲ, ಕೆಳಗಿಳಿಯುವುದಿಲ್ಲ. ಹೀಗಾಗಿ ದಿನವೂ ಮೊದಲು ಅವಳ ‘ಆ’ ಕೇಳಿ, ಅದು ಹಾರ್ಮೋನಿಯಂನ ಯಾವ ಮನೆಗೆ ಕೂಡುತ್ತದೆ ಎಂದು ನಂದಿನಿ ಹುಡುಕುತ್ತಾರೆ. ಆ ಮನೆಯೇ ಆ ದಿನದ ‘ಸಾ’. ಅವಳಿಗೆ ನೆಗಡಿಯಾದ ದಿನ ಇಡೀ ಶಾಲೆ ತಗ್ಗಿನಲ್ಲಿ ಹಾಡುತ್ತದೆ.

“ಆಕಿಗೆ ಹೊಳ್ಳಾಕ ಬರಂಗಿಲ್ರಿ. ನಮಗ ಬರತೈತಿ. ಬರಾವ್ರು ಹೊಳ್ಳಬೇಕು” ಎನ್ನುತ್ತಾರೆ ನಂದಿನಿ. ಹೊಳ್ಳುವುದೆಂದರೆ ತಿರುಗುವುದು. ಅವರಿಗೆ ಇದು ಹೇಳಿಕೊಳ್ಳುವ ವಿಷಯವೇ ಅಲ್ಲ. ನಾನು ಎರಡು ಸಲ ಕೇಳಿದ್ದಕ್ಕೆ ಹೇಳುತ್ತಾರೆ.

ಮೌನದ ಕಾರಣ ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಗೊತ್ತಾಗುತ್ತದೆ. ಏಳನೆಯ ತರಗತಿಯ ಅರ್ಚನಾ ತಟ್ಟೆ ತೊಳೆಯುತ್ತ ಅದನ್ನು ಸಹಜವಾಗಿ ಹೇಳುತ್ತಾಳೆ. ಮಕ್ಕಳೆಲ್ಲ ಸಿಸ್ಟರ್ ಸೆವೆರಿನಾ ಅವರನ್ನು ಕರೆಯುತ್ತಿದ್ದದ್ದು ‘ಆಯಿ’ ಎಂದು, ಅಂದರೆ ಅಜ್ಜಿ ಎಂದು. ಅರ್ಚನಾಳ ಮನೆಯಲ್ಲಿರುವ ಸ್ವಂತ ಆಯಿ, ಮಾಯವ್ವ, ಭಾನುವಾರ ಸಾವಿನ ಸುದ್ದಿ ಕೇಳಿದಾಗ ಆಯಿ ಸತ್ತರೆ ಮೊಮ್ಮಕ್ಕಳಿಗೆ ಸೂತಕ, ಸೂತಕದಲ್ಲಿ ಹಾಡಬಾರದು ಎಂದಿದ್ದಾಳೆ. ಬಹುಶಃ ತಮಾಷೆಗೆ. ಅರ್ಚನಾ ಅದನ್ನು ತಮಾಷೆಯಾಗಿ ತೆಗೆದುಕೊಂಡಿಲ್ಲ. ಸಂಜೆಯೊಳಗೆ ಓಣಿಯ ಮಕ್ಕಳಿಗೆಲ್ಲ ಗೊತ್ತಾಗಿದೆ. ಸೋಮವಾರ ಗೋರಿಯ ಹತ್ತಿರ ಸಿಸ್ಟರ್‌ಗಳು ಹಾಡುವಾಗ ಮಕ್ಕಳು ಸುಮ್ಮನೆ ನಿಂತದ್ದೂ ಅದಕ್ಕೇ. ಅವತ್ತು ಎಲ್ಲರೂ ಅದನ್ನು ದುಃಖ ಎಂದುಕೊಂಡಿದ್ದರು.

ಸೂತಕಕ್ಕೆ ಒಂದು ಕೊನೆ ಇರುತ್ತದೆ. ಮನೆಯಲ್ಲಾದರೆ ದಿನ ಮಾಡಿ, ಎಡೆ ಇಟ್ಟು, ಹಿರಿಯರು ಮುಗಿಯಿತು ಎನ್ನುತ್ತಾರೆ. ಇಲ್ಲಿ ಮುಗಿಯಿತು ಎನ್ನುವವರು ಯಾರು?

ಈಗಿನ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಲವೀನಾ ಮಂಗಳೂರಿನ ಕಡೆಯವರು, ಬಂದು ಒಂದು ವರ್ಷವಾಗಿಲ್ಲ. ಅವರು ಮಕ್ಕಳನ್ನು ಕೂರಿಸಿಕೊಂಡು, ಸಿಸ್ಟರ್ ದೇವರ ಹತ್ತಿರ ಹೋಗಿದ್ದಾರೆ, ಅವರಿಗೆ ಸೂತಕವಿಲ್ಲ ಎಂದು ತಿಳಿಹೇಳುತ್ತಾರೆ. ಮಕ್ಕಳು ಗೌರವದಿಂದ ಕೇಳುತ್ತಾರೆ.

“ಅವರಿಗೆ ಇಲ್ರಿ ಸಿಸ್ಟರ್, ನಮಗ ಐತಿ” ಎನ್ನುತ್ತಾಳೆ ಅರ್ಚನಾ.

ಸಿಸ್ಟರ್ ಲವೀನಾ ಕಟು ಮನಸ್ಸಿನವರಲ್ಲ. ಆದರೆ ಅವರ ಚಿಂತೆಯೂ ಸುಳ್ಳಲ್ಲ. ಆರು, ಏಳನೆಯ ತರಗತಿಯ ಮಕ್ಕಳು ಗಣಿತದಲ್ಲಿ ಹಿಂದಿದ್ದಾರೆ, ಪಾಲಕರ ಸಭೆಯಲ್ಲಿ ಆ ಮಾತು ಬಂದಿದೆ. ತಲೆ ಚುರುಕಾಗಿರುವ ಬೆಳಗಿನ ಹೊತ್ತನ್ನು ಸುಮ್ಮನೆ ನಿಲ್ಲುವುದಕ್ಕೆ ಕಳೆಯುವುದು ಸರಿಯೇ ಎಂದು ಅವರು ನಂದಿನಿಯನ್ನು ಕೇಳುತ್ತಾರೆ. ಶನಿವಾರದವರೆಗೆ ನೋಡೋಣ, ಆಮೇಲೆ ಮೊದಲ ಪೀರಿಯಡ್ ಗಣಿತಕ್ಕೆ ಹೋಗಲಿ, ಸಂಗೀತಕ್ಕೆ ವಾರದಲ್ಲಿ ಒಂದು ದಿನ ಸಂಜೆ ಇಟ್ಟುಕೊಳ್ಳೋಣ ಎನ್ನುತ್ತಾರೆ. ಸಂಜೆ ಎಂದರೆ ದೂರದ ಮಕ್ಕಳು ಬಸ್ಸಿಗೆ ಓಡುವ ಹೊತ್ತು. ಉಳಿಯುವವರು ಹತ್ತು ಹದಿನೈದು ಮಂದಿ. ಎಲ್ಲರೂ ಹಾಡುವುದು ಅಲ್ಲಿಗೆ ಮುಗಿದಂತೆ. ಇಬ್ಬರಿಗೂ ಅದು ಗೊತ್ತಿದೆ. ನಂದಿನಿ ಆಗಲಿ ಎಂದು ತಲೆಯಾಡಿಸುತ್ತಾರೆ.

ಅವತ್ತು ಸಂಜೆ ಬಸ್ಸಿಗೆ ಕಾಯುತ್ತ ಅವರು ತಮ್ಮ ಮನೆಯ ಬಗ್ಗೆ ಹೇಳುತ್ತಾರೆ. ತಂದೆ ಸಾತಪ್ಪ ಹತ್ತರಗಿಯಲ್ಲಿ ಹಲಗಿ ಬಾರಿಸುತ್ತಿದ್ದರು. ತಾಯಿ ಉದ್ದವ್ವ ಕೂಲಿ. “ಊರಾಗ ಯಾರರ ಸತ್ತರ ಮೊದಲ ನಮ್ಮಪ್ಪನ್ನ ಕರೀತಿದ್ರು. ನಾ ಸಣ್ಣಾಕಿದ್ದಾಗ ಹೊಲ್ದಾಗ ಇದ್ರೂ ಹಲಗಿ ಸಪ್ಪಳದ ಮ್ಯಾಲ ಯಾರ ಮನ್ಯಾಗ ಅಂತ ಹೇಳತಿದ್ನಿ.” ಮನೆಯವರು ಬುದ್ಧವಿಹಾರಕ್ಕೆ ಹೋಗಲು ಶುರುಮಾಡಿದ ಮೇಲೆ ಸಾತಪ್ಪ ಸಾವಿನ ಮನೆಗೆ ಹಲಗಿ ಒಯ್ಯುವುದನ್ನು ಬಿಟ್ಟರು. ಮದುವೆಯ ಬ್ಯಾಂಡು ಕಟ್ಟಿ ಮಗಳನ್ನು ಓದಿಸಿದರು. ಈಗ ವಯಸ್ಸಾಗಿದೆ. “ಹಲಗಿ ಬಿಟ್ಟಾರ, ಬೆರಳು ಬಿಟ್ಟಿಲ್ಲ. ಹೊರಸಿನ ಮ್ಯಾಲ ಮಕ್ಕೊಂಡ ನಿದ್ದ್ಯಾಗ ಬಾರಸ್ತಾರ.”

ನಂದಿನಿ ಈ ಶಾಲೆಗೆ ಬಂದದ್ದು ಎರಡನೆಯ ತರಗತಿಗೆ ಕನ್ನಡ ಕಲಿಸಲು. ಅವರ ತರಗತಿಯಲ್ಲಿ ಕಾಗುಣಿತ ಹೇಳುವ ಮಕ್ಕಳು ಬೆಂಚು ಬಡಿಯುತ್ತಿದ್ದುದನ್ನು ಸಿಸ್ಟರ್ ಸೆವೆರಿನಾ ಕಿಟಕಿಯಲ್ಲಿ ನಿಂತು ಕೇಳಿದರಂತೆ. ಬೈಯುತ್ತಾರೆ ಎಂದುಕೊಂಡ ನಂದಿನಿಯನ್ನು ಮರುದಿನ ಹಾರ್ಮೋನಿಯಂ ಮುಂದೆ ಕೂರಿಸಿದರು. ಮುಂದೆ ಇಬ್ಬರೂ ವರ್ಷಗಟ್ಟಲೆ ಜಗಳವಾಡುತ್ತ ಕಲಿಸಿದರು. ಸಿಸ್ಟರ್‌ಗೆ ಪುಸ್ತಕದ ಸ್ವರ ಬೇಕು, ನಂದಿನಿಗೆ ಕಾಲು ಕುಣಿಯಬೇಕು.

ಮಕ್ಕಳಿಗೆ ಬುದ್ಧಿ ಹೇಳಿ ಹಾಡಿಸಬಹುದಲ್ಲ ಎಂದು ಕೇಳುತ್ತೇನೆ.

“ಏನಂತ ಹೇಳ್ಲಿ? ನಮ್ಮ ಮನ್ಯಾಗ ಸಾವಂದ್ರ ಸಪ್ಪಳ. ಸಿಸ್ಟರ್ ಮಂದ್ಯಾಗ ಹಾಡು. ಈ ಹುಡುಗ್ರ ಮನ್ಯಾಗ ಸುಮ್ಮನ ಇರೂದು. ಯಾವದ ಖರೆ ಅನ್ನಾಕ ನಾ ಯಾರು?” ಆಮೇಲೆ ಅವರೇ ನನ್ನನ್ನು ಕೇಳುತ್ತಾರೆ: “ನಿಮ್ಮ ಕಡೆ ಹೆಂಗ್ರಿ?”

ನನ್ನ ಗಂಡ ತೀರಿಕೊಂಡು ಇನ್ನೂ ವರ್ಷವಾಗಿಲ್ಲ ಎನ್ನುತ್ತೇನೆ. ನಮ್ಮ ಮನೆಯಲ್ಲಿ ಅಂಥ ಲೆಕ್ಕವೇನೂ ಇಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಎಂಬುದನ್ನು ಹೇಳುವುದಿಲ್ಲ. ಬಸ್ಸು ಬರುತ್ತದೆ. ನಂದಿನಿ ಕಿಟಕಿಯ ಪಕ್ಕದ ಜಾಗವನ್ನು ನನಗೆ ಬಿಡುತ್ತಾರೆ.

ಗುರುವಾರ ಬೆಳಿಗ್ಗೆ ಮತ್ತೆ ಅಂಗಳ, ಮತ್ತೆ ಸುಮನ, ಮತ್ತೆ ಮೌನ. ನಂದಿನಿ ಹಾರ್ಮೋನಿಯಂ ಮುಚ್ಚಿ, ಚಪ್ಪಾಳೆ ನಡೆಯುತ್ತದೆಯೇ ಎಂದು ಮಕ್ಕಳನ್ನೇ ಕೇಳುತ್ತಾರೆ. ಸಾಲುಗಳಲ್ಲಿ ಗುಸುಗುಸು ಚರ್ಚೆ. ಮೂರನೆಯ ತರಗತಿಯ ಹುಡುಗಿಯೊಬ್ಬಳು ತೀರ್ಪು ಕೊಡುತ್ತಾಳೆ: “ಕೈ ನಡೀತೈತ್ರಿ ಟೀಚರ್, ಬಾಯಿ ನಡ್ಯಂಗಿಲ್ಲ.” ಆ ದಿನ ಇಡೀ ಪೀರಿಯಡ್ ಚಪ್ಪಾಳೆಯಲ್ಲಿ ನಡೆಯುತ್ತದೆ. ಮುಂದ ಎರಡು ಹೊಡೆದರೆ ಬಾಲ ಮೂರು ಹೊಡೆಯುತ್ತದೆ. ಬುಡ ಮಾತ್ರ ಕೈ ಕಟ್ಟಿ ನಿಂತಿದೆ. ಒಂದೇ ಸ್ವರ ಎಳೆಯುವವರಿಗೆ ಚಪ್ಪಾಳೆಯಲ್ಲಿ ಕೆಲಸವಿಲ್ಲ. ಸಿಸ್ಟರ್ ಲವೀನಾ ಕಚೇರಿಯ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗುತ್ತಾರೆ.

ಶುಕ್ರವಾರ, ಚಪ್ಪಾಳೆ ಇನ್ನೂ ನಡೆದಿರುವಾಗ, ಮಸಗುಪ್ಪಿಯಿಂದ ಮಾಲಿಂಗ ಬರುತ್ತಾರೆ. ಹೆಗಲ ಮೇಲೆ ಕಂಬಳಿ, ಕಾಲಿಗೆ ದಪ್ಪ ಚಪ್ಪಲಿ. ಅಲ್ಲಿನ ಬೀರದೇವರ ಗುಡಿಯ ಡೊಳ್ಳಿನ ಮೇಳದಲ್ಲಿ ಹಿರಿಯರು. ಅವರು ಕೇಳಿಕೊಂಡು ಬಂದದ್ದು ಒಂದು ಜೊತೆ ತಾಳ. ಕಂಚಿನದು, ಅಂಗೈಗಿಂತ ದೊಡ್ಡದು, ಗುಡಿಯದು. ಮಕ್ಕಳಿಗೆ ಲಯ ಕಲಿಸಲು ಒಂದು ತಿಂಗಳ ಮಟ್ಟಿಗೆ ಬೇಕೆಂದು ಸಿಸ್ಟರ್ ಸೆವೆರಿನಾ ಹಿಂದೊಮ್ಮೆ ಗುಡಿಯವರೆಗೆ ನಡೆದುಹೋಗಿ ಕೇಳಿ ತಂದಿದ್ದರು. ತಿಂಗಳು ವರ್ಷಗಳಾದವು. ಮಾಲಿಂಗ ಕೇಳಿರಲಿಲ್ಲ. ತೀರಿಕೊಂಡವರ ಹತ್ತಿರ ಗುಡಿಯ ಸಾಮಾನು ಉಳಿಯಬಾರದೆಂದು ಈಗ ಬಂದಿದ್ದಾರೆ.

ನಂದಿನಿ ಕಪಾಟಿನಿಂದ ತಾಳವನ್ನು ತಂದು ಮುಂದೆ ಹಿಡಿಯುತ್ತಾರೆ. ಮಾಲಿಂಗ ಕೈ ಚಾಚುವುದಿಲ್ಲ.

“ಹಿಂಗ ಕೊಟ್ಟರ ಇಸ್ಕೊಳಾಕ ಬರಂಗಿಲ್ರಿ ಅಕ್ಕೋರ. ಗುಡಿದು ಮೂಕಾಗಿ ಹೊಳ್ಳಿ ಬರಬಾರದು. ಇಸ್ಕೊಂಡಾವ್ರು ಇಲ್ಲಂದ್ರ ಅವರ ಮಂದಿ ಬಾರಿಸ್ಕೋತ, ಹಾಡ್ಕೋತ ತಂದ ಮುಟ್ಟಸ್ಬೇಕು.”

ಸಿಸ್ಟರ್ ಅವರ ಕಡೆಯವರು ಖಾನಾಪುರಕ್ಕೆ ಮರಳಿಯಾಗಿದೆ, ಇಲ್ಲಿ ಅವರಿಗೆ ಯಾರೂ ಇಲ್ಲ ಎನ್ನುತ್ತಾರೆ ಸಿಸ್ಟರ್ ಲವೀನಾ. ಮಾಲಿಂಗ ಅಂಗಳದ ಕಡೆ ನೋಡುತ್ತಾರೆ.

“ಈ ಹುಡುಗ್ರು ಸೂತಕ ಹಿಡದಾರಂತ ನಮ್ಮ ಓಣ್ಯಾಗ ಮಾತೈತಿ. ಮಂದಿ ಅಲ್ಲದಾವ್ರು ಸೂತಕ ಹಿಡೀತಾರೇನ್ರಿ?”

ಆಮೇಲೆ ಅವರೇ ಮಕ್ಕಳ ಮುಂದೆ ಹೋಗಿ, ಸತ್ತ ಆಯಿಗೆ ನೀವು ಏನಾಗಬೇಕು ಎಂದು ಕೇಳುತ್ತಾರೆ. ಮೊಮ್ಮಕ್ಕಳು ಎಂದು ಉತ್ತರ ಬರುತ್ತದೆ. ಹಾಗಿದ್ದರೆ ನಾಳೆ ತಾಳ ತರುವವರು ನೀವೇ ಎನ್ನುತ್ತಾರೆ. ಅರ್ಚನಾ ಕೈ ಎತ್ತುತ್ತಾಳೆ.

“ಸೂತಕದಾಗ ಹಾಡಾಕ ನಡೀತೈತೇನ್ರಿ ಮುತ್ಯಾ?”

“ತಾಳ ಮುಟ್ಟಸಾಕ ನಡೀತೈತಿ. ಮುಟ್ಟಸಲಿಲ್ಲಂದ್ರ ಸೂತಕ ಹೋಗೂದ ಇಲ್ಲ.”

ಮಕ್ಕಳು ಇದನ್ನು ತೂಗಿ ನೋಡುತ್ತಾರೆ. ಒಂದನೆಯ ತರಗತಿಯ ಒಬ್ಬಳಿಗೆ ಚಪ್ಪಲಿ ಹಾಕಿಕೊಂಡು ಬರಬೇಕೋ ಬೇಡವೋ ಎಂಬುದೊಂದೇ ಅನುಮಾನ ಉಳಿದಿದೆ.

ಗೇಟಿನವರೆಗೆ ಮಾಲಿಂಗ ಅವರ ಜೊತೆ ನಡೆಯುತ್ತ, ಈ ಪದ್ಧತಿ ಬಹಳ ಹಳೆಯದೇ ಎಂದು ಕೇಳುತ್ತೇನೆ. ಅವರು ಕಂಬಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಳ್ಳುತ್ತಾರೆ. “ಡೊಳ್ಳಿಗೆ ಐತ್ರಿ, ಹಿಂದಿನಿಂದ ಐತಿ. ಒಂದೂರ ಡೊಳ್ಳು ಇನ್ನೊಂದೂರಿಗೆ ಹೋದ್ರ ಹಂಗ ಮುಟ್ಟಸ್ತಾರ. ತಾಳ ಸಾಲಿಗೆ ಕೊಟ್ಟಿದ್ದು ಇದ ಮೊದಲ.” ಸ್ವಲ್ಪ ದೂರ ಹೋಗಿ ತಿರುಗುತ್ತಾರೆ. “ಡೊಳ್ಳಿಗೆ ಇದ್ದದ್ದು ತಾಳಕ್ಕ ಇರಬಾರದೇನ್ರಿ?”

ಶನಿವಾರ ಬೆಳಿಗ್ಗೆ ಶಾಲೆ ಗೇಟಿನ ಹತ್ತಿರ ಎರಡು ಸಾಲಾಗಿ ನಿಂತಿದೆ. ಹಾರ್ಮೋನಿಯಂ ಒಯ್ಯುವಂತಿಲ್ಲ, ನಂದಿನಿಯ ಕೈಯಲ್ಲಿ ತಾಳವಷ್ಟೇ ಇದೆ. ಅವರು ಸುಮನಳ ಕಡೆ ನೋಡುತ್ತಾರೆ. ಸುಮನ ಅರ್ಚನಾಳ ಕಡೆ ನೋಡುತ್ತಾಳೆ. ಅರ್ಚನಾ ಹೂಂ ಎಂದು ತಲೆಯಾಡಿಸುತ್ತಾಳೆ.

“ಆ” ಎನ್ನುತ್ತಾಳೆ ಸುಮನ. ಒಂದು ವಾರ ಹಾಡದ ದನಿ ಎಂದಿಗಿಂತ ತಗ್ಗಿದೆ. ಬುಡದವರು ಅದನ್ನು ಹಿಡಿಯುತ್ತಾರೆ. ನಂದಿನಿ ತಾಳ ಹಾಕುತ್ತಾರೆ. ಹಾಡು ಅವರೇ ಕಟ್ಟಿದ್ದು:

ಕರಿಕುರಿ ಹೊರಟಾವ ಹೊಳಿನೀರ ಕುಡಿಯಾಕ
ದಾರಿ ಬಿಡರಿ, ದಾರಿ ಬಿಡರಿ.

ಮೊದಲ ಸಾಲನ್ನು ನಾಲ್ಕೈದು ಮಕ್ಕಳು ಎತ್ತುತ್ತಾರೆ. ‘ದಾರಿ ಬಿಡರಿ’ ಎನ್ನುವ ಹೊತ್ತಿಗೆ ಇಡೀ ಬಾಲ ಸೇರಿಕೊಂಡಿದೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಸ್ಪೀಕರ್ ಹಚ್ಚಿಕೊಂಡು ಎದುರಿಗೆ ಬರುತ್ತದೆ. ಮಕ್ಕಳು ಅದಕ್ಕೇ ಹೇಳುವಂತೆ ಜೋರಾಗಿ ಹೇಳುತ್ತಾರೆ. ಡ್ರೈವರ್ ಟ್ರ್ಯಾಕ್ಟರನ್ನು ಬದಿಗೆ ನಿಲ್ಲಿಸಿ ಸ್ಪೀಕರ್ ಬಂದ್ ಮಾಡುತ್ತಾನೆ. ಊರಿನ ಅಂಚಿನ ಮನೆಯ ಬಾಗಿಲಲ್ಲಿ ಮಾಯವ್ವ ನಿಂತಿದ್ದಾಳೆ. ತಾನು ಹಾಕಿದ ಸೂತಕ ಹೇಗೆ ಹೋಗುತ್ತದೆ ಎಂದು ನೋಡಲು ಅವಳೂ ಹಿಂದೆ ಬರುತ್ತಾಳೆ. ಹಾಡು ಓಡುತ್ತಿದೆ, ಕುರಿ ಹಾಗೆ ಓಡುವುದಿಲ್ಲ ಎಂದು ತಪ್ಪೂ ಹಿಡಿಯುತ್ತಾಳೆ.

ಸಾಲಿನ ಕೊನೆಯಲ್ಲಿ ಬುಡದವರು, ಅವರ ನಡುವೆ ಸಿಸ್ಟರ್ ಲವೀನಾ. ಹಾಡಿನ ಮಾತುಗಳು ಅವರಿಗೆ ಬಾರವು. ಅರ್ಧ ದಾರಿ ಕಳೆದ ಮೇಲೆ ಅವರ ಗಂಟಲಿನಿಂದಲೂ ಆ ಒಂದೇ ಸ್ವರ ಸಣ್ಣಗೆ ಹೊರಟಿರುವುದು ನನಗೆ ಕೇಳುತ್ತದೆ. ಗುಡಿ ಕಾಣು‌ವ ತಿರುವಿನಲ್ಲಿ ಅವರು ಮುಂದೆ ಬಂದು ನಂದಿನಿಯ ಪಕ್ಕ ನಡೆಯುತ್ತಾರೆ.

“ಸೋಮವಾರ ಮೊದಲ ಪೀರಿಯಡ್ ನಿಮ್ಮದೇ ಟೀಚರ್. ಗಣಿತಕ್ಕೆ ಬೇರೆ ಜಾಗ ನೋಡುವ.”

ನಂದಿನಿ ತಾಳ ನಿಲ್ಲಿಸುವಂತಿಲ್ಲ. ತಲೆ ಮಾತ್ರ ಬಾಗಿಸುತ್ತಾರೆ.

ಗುಡಿಯ ಮುಂದೆ ಬೇವಿನ ಮರವಿದೆ. ನಂದಿನಿ ಅಲ್ಲಿಯೇ ನಿಲ್ಲುತ್ತಾರೆ. ನಮ್ಮಪ್ಪ ಹಲಗಿ ಹಿಡಿದು ನಿಲ್ಲುತ್ತಿದ್ದ ಜಾಗವೂ ಇಂಥದೇ, ಗುಡಿಯ ಹೊರಗೆ, ಎಂದು ನನಗಷ್ಟೇ ಕೇಳುವಂತೆ ಹೇಳುತ್ತಾರೆ. ಮಾಲಿಂಗ ಮೆಟ್ಟಿಲಿಳಿದು ಬರುತ್ತಾರೆ. ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬ ಮಗುವಿನ ಹಣೆಗೆ ಭಂಡಾರದ ಅರಿಶಿನ ಹಚ್ಚುತ್ತಾರೆ. ಸಿಸ್ಟರ್ ಲವೀನಾ ಮುಂದೆ ಬಂದಾಗ ಕ್ಷಣ ತಡೆದು, ಅವರು ಅಂಗೈ ಒಡ್ಡಿದ್ದರಿಂದ ಅಂಗೈಗೆ ಹಾಕುತ್ತಾರೆ. ಹೋಯಿತು ನೋಡ್ರಿ ಸೂತಕ ಎಂದು ಮಾಯವ್ವ ಎಲ್ಲರಿಗೂ ಸಾರುತ್ತಾಳೆ.

ಕೊನೆಗೆ ಮಾಲಿಂಗ ನಂದಿನಿಯ ಎದುರು ನಿಲ್ಲುತ್ತಾರೆ. ಅವರ ಎಡಗೈಯಲ್ಲಿದ್ದ ತಾಳವನ್ನು ತೆಗೆದುಕೊಂಡು, ಬಲಗೈಯದನ್ನು ಅಲ್ಲಿಯೇ ಬಿಡುತ್ತಾರೆ. ಕೊಡುವವರ ಕೈಯಲ್ಲೊಂದು, ಪಡೆಯುವವರ ಕೈಯಲ್ಲೊಂದು. ಎರಡನ್ನೂ ಕೂಡಿಸಿ ಹೊಡೆಯಬೇಕು. ನಂದಿನಿ ಒಂದು ಗಳಿಗೆ ಅನುಮಾನಿಸುತ್ತಾರೆ. ಮಾಲಿಂಗ ತಮ್ಮ ಕೈಯನ್ನು ಎತ್ತಿ ಹಿಡಿದೇ ಇದ್ದಾರೆ. ನಂದಿನಿ ಹೊಡೆಯುತ್ತಾರೆ. 

ಬೇಕಿದ್ದರೆ ಇವತ್ತೇ ನಿಮ್ಮ ಹೆಸರಿನಲ್ಲಿ ಮರಳಿ ಒಯ್ಯಿರಿ, ಸೋಮವಾರಕ್ಕೆ ಆಗುತ್ತದೆ ಎನ್ನುತ್ತಾರೆ ಮಾಲಿಂಗ.

“ನನ್ನ ಹೆಸರಿಲೆ ಕೇಳಾಕ ಇನ್ನೊಂದ ದಿನ ಬರ್ತೀನ್ರಿ ಕಾಕಾ” ಎನ್ನುತ್ತಾರೆ ನಂದಿನಿ. “ಇವತ್ತ ಆಯಿದು ಅಷ್ಟ ಕೊಟ್ಟ ಹೋಗ್ತೀನಿ.”

ಎರಡನೆಯ ತಾಳವನ್ನೂ ಅವರ ಕೈಯಲ್ಲಿ ಇಡುತ್ತಾರೆ.